ಮೂರು ದಿನಕ್ಕೆ ಮೊಡವೆ ಒಣಗಿಸಿದ ಆ ಟ್ಯೂಬ್

ಪ್ರಶ್ನೆ: ನಾನು 20 ವರ್ಷದ ಹುಡುಗಿ. ಊರು ಶ್ರೀನಿವಾಸಪುರದ ಹತ್ತಿರ. ದಿನಾ ಬಸ್ಸಿನಲ್ಲಿ ಕೋಲಾರಕ್ಕೆ ಬಂದು ಬಿ.ಕಾಂ. ಓದುತ್ತಿದ್ದೇನೆ. ಮೂರು ವರ್ಷದಿಂದ ಹಣೆ, ಕೆನ್ನೆ ತುಂಬ ಮೊಡವೆ. ಮೆಡಿಕಲ್‌ನಲ್ಲಿ ಕೇಳಿದಾಗ ಒಂದು ಟ್ಯೂಬ್ ಕೊಟ್ಟರು. ಮೂರೇ ದಿನಕ್ಕೆ ಒಣಗಿತು, ಮುಖ ಬೆಳ್ಳಗೂ ಆಯಿತು. ಬಿಟ್ಟ ವಾರಕ್ಕೆ ಎರಡರಷ್ಟು ಬಂತು. ಹೀಗೇ ನಾಲ್ಕು ತಿಂಗಳಿಂದ ಹಚ್ಚುವುದು, ಬಿಡುವುದು ನಡೆದಿದೆ. ಈಗ ಬಿಸಿಲಿಗೆ ಹೋದರೆ ಮುಖ ಉರಿಯುತ್ತದೆ. ದಿನಕ್ಕೆ ಐದಾರು ಸಲ ಸೋಪು ಹಾಕಿ ತೊಳೆಯುತ್ತೇನೆ. ಅಜ್ಜಿ ‘ಎಲ್ಲಾ ಉಷ್ಣ, ಮಾವಿನಹಣ್ಣು, ಕಡಲೆಕಾಯಿ, ಕೋಳಿ ಬಿಡು’ ಅನ್ನುತ್ತಾರೆ. ನಮ್ಮದೇ ಮಾವಿನ ತೋಟ ಇದೆ ಡಾಕ್ಟ್ರೇ, ಬಿಡುವುದು ಹೇಗೆ? ಏನು ಹಚ್ಚಬೇಕು, ಏನು ತಿನ್ನಬೇಕು, ಹೇಳಿ.

ಉತ್ತರ: ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ಒಂದೇ. ‘ಮೂರೇ ದಿನಕ್ಕೆ ಒಣಗಿತು, ಮುಖ ಬೆಳ್ಳಗೂ ಆಯಿತು.’ ಮಾವಿನಹಣ್ಣಿನ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಎದ್ದು ಹೋಗಿ ಆ ಟ್ಯೂಬ್ ತನ್ನಿ. ಹೆಸರು ದಪ್ಪ ಅಕ್ಷರದಲ್ಲಿರುತ್ತದೆ, ಅದು ಬೇಡ. ಅದರ ಕೆಳಗೆ ಇರುವೆಯಂಥ ಸಣ್ಣ ಅಕ್ಷರಗಳಿವೆಯಲ್ಲ, ಅದನ್ನು ಓದಿ.

ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್, ಫ್ಲೂಸಿನೊಲೋನ್. ಇದರಲ್ಲಿ ಯಾವುದಾದರೂ ಒಂದು ಇದ್ದರೆ ಅದು ಸ್ಟೀರಾಯ್ಡ್ ಮುಲಾಮು. ನಮ್ಮ ಒಪಿಡಿಗೆ ಮೊಡವೆ ಅಂತ ಬರುವ ಹುಡುಗಿಯರು ಪರ್ಸಿನಿಂದ ಇಂಥ ಟ್ಯೂಬ್ ತೆಗೆಯುತ್ತಾರೆ. ಟೂತ್‌ಪೇಸ್ಟಿನ ಹಾಗೆ ಬುಡದಿಂದ ಸುರುಳಿ ಸುತ್ತಿ, ಕೊನೇ ಹನಿಯೂ ಬಿಡದೆ ಹಿಂಡಿರುತ್ತಾರೆ. ಅದನ್ನು ಬಿಡಿಸಿ, ಬೆರಳಿನಿಂದ ಒರೆಸಿ, ಕನ್ನಡಕ ಏರಿಸಿ ಓದುವುದು ನನ್ನ ದಿನದ ಕೆಲಸ. ಹೆಚ್ಚಿನ ಸಲ ಒಳಗೆ ಮೂರು ಔಷಧಿ ಇರುತ್ತವೆ. ಬಣ್ಣ ತಿಳಿ ಮಾಡುವ ಹೈಡ್ರೊಕ್ವಿನೋನ್, ಸಿಪ್ಪೆ ಸುಲಿಸುವ ಟ್ರೆಟಿನಾಯಿನ್, ಜೊತೆಗೊಂದು ಸ್ಟೀರಾಯ್ಡ್. ಬಂಗು ಅಂತ ಮುಖದ ಮೇಲೆ ಏಳುವ ಕಂದು ಮಚ್ಚೆಗೆ, ಅದೂ ಕೆಲವೇ ವಾರ, ವೈದ್ಯರ ಕಣ್ಣೆದುರು ಬಳಸಬೇಕಾದ ಔಷಧಿ ಅದು. ನಮ್ಮಲ್ಲಿ ಅದು ಫೇರ್‌ನೆಸ್ ಕ್ರೀಮ್ ಆಗಿಬಿಟ್ಟಿದೆ. ವೈದ್ಯರ ಚೀಟಿ ಇಲ್ಲದೆ ಇಂಥ ಮುಲಾಮು ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿತು. ಕೌಂಟರ್ ಮೇಲೆ ಏನು ನಡೆಯುತ್ತದೆ ಅಂತ ನಿಮಗೇ ಗೊತ್ತಲ್ಲ.

ಸ್ಟೀರಾಯ್ಡ್ ಮಾಡುವುದಿಷ್ಟೇ. ಮೊಡವೆಯ ಊತ, ಕೆಂಪು, ನೋವು ಅನ್ನುವುದೆಲ್ಲ ದೇಹ ನಡೆಸುವ ಜಗಳ. ಸ್ಟೀರಾಯ್ಡ್ ಆ ಜಗಳದ ಸದ್ದು ಅಡಗಿಸುತ್ತದೆ. ರಂಧ್ರದೊಳಗೆ ಕಟ್ಟಿಕೊಂಡ ಬಿರಡೆ ಹಾಗೇ ಇರುತ್ತದೆ. ಮುಲಾಮು ನಿಂತ ದಿನ ಜಗಳ ಮತ್ತೆ ಶುರು, ಮೊದಲಿಗಿಂತ ಜೋರಾಗಿ. ಸಾಲದ್ದಕ್ಕೆ ಸ್ಟೀರಾಯ್ಡ್ ತಾನೇ ಹೊಸ ಮೊಡವೆ ತರಿಸುತ್ತದೆ. ಎಲ್ಲಾ ಒಂದೇ ಅಳತೆಯ, ರಾಗಿಕಾಳು ಚೆಲ್ಲಿದ ಹಾಗೆ ಕಾಣುವ ಗುಳ್ಳೆಗಳು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಕೆನ್ನೆಯಲ್ಲಿ ದಾರದೆಳೆಯಂಥ ರಕ್ತನಾಳ ಕಾಣುತ್ತವೆ. ಕೆಲವರಿಗೆ ಮುಖದ ಮೇಲೆ ಕೂದಲು ಜಾಸ್ತಿಯಾಗುತ್ತದೆ. ಬಿಸಿಲು ತಾಗಿದರೆ ಉರಿ. ನೀವು ಬರೆದ ಉರಿ ಇದೇ ಅಂತ ನನ್ನ ಬಲವಾದ ಅನುಮಾನ.

ಹಾಗಾದರೆ ಇವತ್ತೇ ಬಿಟ್ಟುಬಿಡಬೇಕಾ? ಬಿಡಲೇಬೇಕು. ಆದರೆ ನಾಲ್ಕು ತಿಂಗಳು ಹಚ್ಚಿದ್ದೀರಿ. ಬಿಟ್ಟ ಮೇಲೆ ಕೆಲವು ವಾರ ಮುಖ ಕೆಂಪಾಗಿ, ಮೊಡವೆ ಉಕ್ಕಿ, ‘ಇದಕ್ಕಿಂತ ಮುಂಚೆಯೇ ಚೆನ್ನಾಗಿತ್ತು’ ಅನ್ನಿಸುವ ಹಾಗಾಗುತ್ತದೆ. ಆ ವಾರಗಳಲ್ಲೇ ಎಲ್ಲರೂ ಸೋತು ಮತ್ತೆ ಅದೇ ಟ್ಯೂಬಿಗೆ ಕೈ ಹಾಕುವುದು. ಅದಕ್ಕೇ ಒಬ್ಬರೇ ಮಾಡಬೇಡಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಲ್ಲೋ, ನಿಮಗೆ ಅನುಕೂಲವಾದ ಇನ್ನೊಂದು ಕಡೆಯೋ ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸಿ. ಸ್ಟೀರಾಯ್ಡಿನ ಬಲ ನೋಡಿ, ಒಮ್ಮೆಲೇ ನಿಲ್ಲಿಸುವುದೋ ಹಂತಹಂತವಾಗಿ ಇಳಿಸುವುದೋ ಅವರು ಹೇಳುತ್ತಾರೆ.

ಈಗ ಮೊಡವೆ ಹುಟ್ಟುವ ಕತೆ. ಇದು ಗೊತ್ತಾದರೆ ಮುಂದಿನದು ನಾನು ಹೇಳದೆಯೂ ನಿಮಗೆ ಅರ್ಥವಾಗುತ್ತದೆ.

ಮುಖದ ಪ್ರತಿ ಸಣ್ಣ ಕೂದಲಿನ ಬುಡಕ್ಕೂ ಒಂದು ಎಣ್ಣೆ ಗ್ರಂಥಿ ಅಂಟಿಕೊಂಡಿರುತ್ತದೆ. ಹನ್ನೆರಡು ಹದಿಮೂರರ ವಯಸ್ಸಿಗೆ ಆಂಡ್ರೊಜೆನ್ ಅನ್ನುವ ಹಾರ್ಮೋನು ಏರಿದಾಗ ಆ ಗ್ರಂಥಿ ಉಬ್ಬುತ್ತದೆ, ಎಣ್ಣೆ ಜಾಸ್ತಿ ಸುರಿಸುತ್ತದೆ. ಇದು ಗಂಡಸರ ಹಾರ್ಮೋನು ಅಂತಾರೆ, ಹೆಣ್ಣುಮಕ್ಕಳಲ್ಲೂ ಇರುತ್ತದೆ. ಅದೇ ಹೊತ್ತಿಗೆ ರಂಧ್ರದ ಬಾಯಲ್ಲಿ ಉದುರಿ ಹೋಗಬೇಕಾದ ಸತ್ತ ಚರ್ಮ ಉದುರದೆ ಅಂಟಿಕೊಂಡು ಬಿರಡೆಯಾಗುತ್ತದೆ. ಒಳಗೆ ಎಣ್ಣೆ, ಗಾಳಿ ಇಲ್ಲ. ಕ್ಯೂಟಿಬ್ಯಾಕ್ಟೀರಿಯಂ ಆ್ಯಕ್ನೆಸ್ ಅನ್ನುವ ಬ್ಯಾಕ್ಟೀರಿಯಾಗೆ ಇನ್ನೇನು ಬೇಕು? ಅದು ಎಲ್ಲರ ಚರ್ಮದಲ್ಲೂ ಇರುವಂಥದ್ದೇ, ಹೊರಗಿನಿಂದ ಬಂದದ್ದಲ್ಲ. ಅಲ್ಲಿ ಸೊಂಪಾಗಿ ಬೆಳೆಯುತ್ತದೆ. ದೇಹ ಅದರ ಮೇಲೆ ಬೀಳುತ್ತದೆ. ಕೆಂಪು, ಊತ, ಕೀವು.

ರಂಧ್ರದ ಬಾಯಿ ತೆರೆದೇ ಇದ್ದರೆ ಬಿರಡೆಯ ತುದಿ ಕಪ್ಪಗೆ ಕಾಣುತ್ತದೆ. ಅದೇ ಬ್ಲ್ಯಾಕ್‌ಹೆಡ್. ಆ ಕಪ್ಪು ಕೊಳೆಯಲ್ಲ, ಚರ್ಮದ ಬಣ್ಣವೇ ಗಾಳಿ ತಾಗಿ ಗಾಢವಾದದ್ದು. ಎಷ್ಟು ಉಜ್ಜಿದರೂ ಹೋಗದಿರುವುದು ಅದಕ್ಕೇ.

ನೀವು ತೋಟದವರು, ಈ ಮಾತು ನಿಮಗೆ ಬೇಗ ಹಿಡಿಸುತ್ತದೆ. ಟೊಮೆಟೊ ಸಸಿ ನಾಟಿ ಮಾಡಿದ ಎಷ್ಟು ದಿನಕ್ಕೆ ಮೊದಲ ಕೊಯ್ಲು? ಹೆಚ್ಚೂಕಡಿಮೆ ಎರಡು ತಿಂಗಳು ಬೇಕು, ಅಲ್ವಾ? ಮೊಡವೆಯದೂ ಅದೇ ಲೆಕ್ಕ. ಕಣ್ಣಿಗೆ ಕಾಣದ ಸಣ್ಣ ಬಿರಡೆ ಕಟ್ಟಿದ ದಿನದಿಂದ ಅದು ಮೊಡವೆಯಾಗಿ ಎದ್ದು ಕಾಣಲು ಸುಮಾರು ಎಂಟು ವಾರ ಹಿಡಿಯುತ್ತದೆ. ಇವತ್ತು ಕನ್ನಡಿಯಲ್ಲಿ ಕಂಡದ್ದು ಎರಡು ತಿಂಗಳ ಹಿಂದಿನ ನಾಟಿ. ನಿನ್ನೆ ತಿಂದ ಬಜ್ಜಿಯನ್ನು ಬೈದು ಪ್ರಯೋಜನವಿಲ್ಲ. ಇವತ್ತು ಹಚ್ಚಿದ ಔಷಧಿಯ ಫಲ ನೋಡುವುದಕ್ಕೂ ಎಂಟರಿಂದ ಹನ್ನೆರಡು ವಾರ ಕಾಯಬೇಕು. ಮೂರು ದಿನಕ್ಕೆ ಫಲ ಕೊಡುವ ಮುಲಾಮು ಸಿಕ್ಕಿದರೆ ಹೆದರಬೇಕು ಅಂತ ನಾನು ಹೇಳುವುದು ಈ ಲೆಕ್ಕದ ಮೇಲೆ.

ಇನ್ನು ತೊಳೆಯುವ ವಿಷಯ. ದಿನಕ್ಕೆ ಐದಾರು ಸಲ ಅಂತ ಬರೆದಿದ್ದೀರಿ. ಎರಡು ಸಾಕು, ಬೆಳಿಗ್ಗೆ ಒಂದು, ಕಾಲೇಜಿನಿಂದ ಬಂದ ಮೇಲೆ ಒಂದು. ಬೆವರು ಸುರಿದ ದಿನ ಇನ್ನೊಂದು ಸಲ ಬರೀ ನೀರಲ್ಲಿ. ಚರ್ಮ ತುಸು ಹುಳಿ ಸ್ವಭಾವದ್ದು, ಹುಳಿ-ಕ್ಷಾರ ಅಳೆಯುವ ಪಿಹೆಚ್ ಲೆಕ್ಕದಲ್ಲಿ ಐದರ ಆಸುಪಾಸು. ಮೈಗೆ ಹಾಕುವ ಸಾಮಾನ್ಯ ಸೋಪು ಒಂಬತ್ತು ಹತ್ತರಷ್ಟು ಕ್ಷಾರ. ದಿನಕ್ಕೆ ಐದು ಸಲ ಅದನ್ನು ಹಾಕಿದರೆ ಚರ್ಮದ ಮೇಲಿನ ಕಾವಲು ಪದರವೇ ಕಿತ್ತು ಹೋಗುತ್ತದೆ. ಅದರ ಮೇಲೆ ನಮ್ಮ ಕಡೆಯ ಬೋರ್‌ವೆಲ್ ನೀರು. ಸಾವಿರ ಅಡಿ ದಾಟಿದ ಬೋರಿನ ಗಡಸು ನೀರಲ್ಲಿ ಸೋಪು ನೊರೆಯೇ ಬರುವುದಿಲ್ಲ, ಬಕೆಟ್ ಅಂಚಿಗೆ ಬಿಳಿ ಜಿಗುಟು ಕಟ್ಟುತ್ತದೆ. ಅದೇ ಜಿಗುಟು ಮುಖದ ಮೇಲೂ ಕೂರುತ್ತದೆ. ಮುಖ ಬಿಗಿದಂತಾಗಿ, ಕೆರೆದಂತಾಗಿ, ‘ಇನ್ನೂ ಕ್ಲೀನ್ ಆಗಿಲ್ಲ’ ಅಂತ ನೀವು ಮತ್ತೆ ತೊಳೆಯುತ್ತೀರಿ. ಸೋಪಿಲ್ಲದ, ಪರಿಮಳ ಕಡಿಮೆ ಇರುವ ಒಂದು ಮೃದು ಫೇಸ್‌ವಾಶ್ ತೆಗೆದುಕೊಳ್ಳಿ. ದುಬಾರಿಯದೇ ಆಗಬೇಕಿಲ್ಲ. ಬೆರಳಲ್ಲೇ ತೊಳೆಯಿರಿ. ಸ್ಕ್ರಬ್, ನಾರು, ಕಡಲೆಹಿಟ್ಟಿನ ಉಜ್ಜುವಿಕೆ ಯಾವುದೂ ಬೇಡ. ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸಿ.

ಮನೆಮದ್ದಿನ ವಿಷಯದಲ್ಲಿ ನಾನು ಒಳ್ಳೆಯ ಸಾಕ್ಷಿ. ಪಿಯುಸಿಯಲ್ಲಿದ್ದಾಗ ಗೆಳತಿಯೊಬ್ಬಳ ಮಾತು ಕೇಳಿ ನಿಂಬೆರಸ ಹಚ್ಚಿಕೊಂಡು ಮಹಡಿ ಮೇಲೆ ಓದಲು ಕೂತಿದ್ದೆ. ಸಂಜೆಗೆ ಕೆನ್ನೆ ಸುಟ್ಟು, ಅದು ಕಪ್ಪಾಗಿ, ಆ ಕಲೆ ಹೋಗಲು ಪರೀಕ್ಷೆ ಮುಗಿದು ರಿಸಲ್ಟೂ ಬರಬೇಕಾಯಿತು. ನಿಂಬೆರಸ ತೀರಾ ಹುಳಿ, ಜೊತೆಗೆ ಅದರಲ್ಲಿರುವ ಅಂಶ ಬಿಸಿಲಿನ ಜೊತೆ ಸೇರಿ ಚರ್ಮ ಸುಡುತ್ತದೆ. ಟೂತ್‌ಪೇಸ್ಟ್, ಅಡುಗೆ ಸೋಡ, ಬೆಳ್ಳುಳ್ಳಿ ಕೂಡ ಇದೇ ಸಾಲಿನವು. ಅಜ್ಜಿಗೆ ಬೇಜಾರಾಗಬಾರದು ಅಂದರೆ ಮುಲ್ತಾನಿ ಮಿಟ್ಟಿಯನ್ನೋ ಅರಿಶಿನವನ್ನೋ ಹಬ್ಬಕ್ಕೊಮ್ಮೆ ಹಚ್ಚಿ, ತೊಳೆದುಬಿಡಿ. ಅದರಿಂದ ಮೊಡವೆ ಹೋಗುತ್ತದೆ ಅಂತ ಮಾತ್ರ ನಂಬಬೇಡಿ.

ಹಚ್ಚುವುದಕ್ಕೆ ಬರೋಣ. ನಿಮ್ಮ ಮುಖಕ್ಕೆ ಮೊದಲ ಎರಡು ಮೂರು ವಾರ ಔಷಧಿಯೇ ಬೇಡ. ಫೇಸ್‌ವಾಶ್, ತೆಳುವಾದ ಜೆಲ್ ಥರದ ಮಾಯಿಶ್ಚರೈಸರ್, ಬೆಳಿಗ್ಗೆ ಸನ್‌ಸ್ಕ್ರೀನ್. ಇಷ್ಟೇ. ‘ಎಣ್ಣೆ ಮುಖಕ್ಕೆ ಮಾಯಿಶ್ಚರೈಸರ್ ಯಾಕೆ’ ಅಂತ ಎಲ್ಲರೂ ಕೇಳುತ್ತಾರೆ. ಎಣ್ಣೆ ಬೇರೆ, ತೇವ ಬೇರೆ. ಸ್ಟೀರಾಯ್ಡ್ ಮತ್ತು ಸೋಪು ಸೇರಿ ನಿಮ್ಮ ಚರ್ಮದ ತೇವ ಹಿಡಿಯುವ ಶಕ್ತಿ ಕಿತ್ತಿವೆ. ಅದು ಮೊದಲು ಕೂಡಿಕೊಳ್ಳಲಿ. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಇರಲಿ, ಡಬ್ಬಿಯ ಮೇಲೆ ‘ನಾನ್ ಕಾಮೆಡೋಜೆನಿಕ್’ ಅಂತ ಇರಲಿ. ಅಂದರೆ ರಂಧ್ರ ಕಟ್ಟದ್ದು ಅಂತ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಬೇಕು. ಚುಕ್ಕಿ ಇಟ್ಟರೆ ಸಾಲದು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುವವರಿಗಂತೂ ಬೇಕೇ ಬೇಕು.

ಉರಿ ನಿಂತ ಮೇಲೆ ಔಷಧಿ. ಎರಡು ಹೆಸರು ನೆನಪಿಟ್ಟುಕೊಳ್ಳಿ. ಒಂದು ಅಡಾಪಲೀನ್ 0.1% ಜೆಲ್, ಇದು ಬಿರಡೆ ಕಟ್ಟದಂತೆ ತಡೆಯುತ್ತದೆ. ಇನ್ನೊಂದು ಬೆನ್ಝಾಯಿಲ್ ಪೆರಾಕ್ಸೈಡ್ 2.5%, ಇದು ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಪೆರಾಕ್ಸೈಡ್ 5%, 10% ಕೂಡ ಸಿಗುತ್ತದೆ. ಜಾಸ್ತಿ ಇದ್ದರೆ ಜಾಸ್ತಿ ಕೆಲಸ ಅಂತ ಅದನ್ನೇ ಕೇಳುವವರಿದ್ದಾರೆ. ಕೆಲಸ ಹೆಚ್ಚೂಕಡಿಮೆ ಅಷ್ಟೇ, ಉರಿ ಮಾತ್ರ ಜಾಸ್ತಿ. ಎರಡರಲ್ಲಿ ನಿಮಗೆ ಯಾವುದು, ಅಥವಾ ಎರಡೂ ಬೇಕೇ ಅನ್ನುವುದನ್ನು ಮುಖ ನೋಡಿದ ಡಾಕ್ಟರೇ ಬರೆದುಕೊಡಲಿ.

ಹಚ್ಚುವ ಬಗೆಯಲ್ಲಿ ಹತ್ತರಲ್ಲಿ ಎಂಟು ಜನ ತಪ್ಪುತ್ತಾರೆ ಅನ್ನುವುದು ನನ್ನ ಅಂದಾಜು. ಮೊಡವೆ ಕಂಡಲ್ಲಿ ಮಾತ್ರ ಬೊಟ್ಟು ಇಡುತ್ತಾರೆ. ಹಣೆಗೊಂದು, ಗಲ್ಲಕ್ಕೊಂದು, ಕುಂಕುಮ ಇಟ್ಟ ಹಾಗೆ. ಎಂಟು ವಾರದ ಲೆಕ್ಕ ನೆನಪಿದೆಯಲ್ಲ? ಮುಂದೆ ಏಳಲಿರುವ ಮೊಡವೆ ಈಗ ನುಣ್ಣಗೆ ಕಾಣುವ ಚರ್ಮದ ಕೆಳಗೇ ಕೂತಿದೆ. ಔಷಧಿ ಬೇಕಿರುವುದು ಅಲ್ಲಿಗೂ. ರಾತ್ರಿ ಮುಖ ತೊಳೆದು, ಪೂರ್ತಿ ಒಣಗಲು ಕಾಲು ಗಂಟೆ ಬಿಡಿ. ಬಟಾಣಿ ಕಾಳಿನಷ್ಟು ಜೆಲ್ ತೆಗೆದುಕೊಳ್ಳಿ, ಅದು ಇಡೀ ಮುಖಕ್ಕೆ. ಕಣ್ಣು, ಮೂಗಿನ ಮೂಲೆ, ತುಟಿಯ ಅಂಚು ಬಿಟ್ಟು ತೆಳ್ಳಗೆ ಸವರಿ. ಮೊದಲ ಎರಡು ವಾರ ದಿನ ಬಿಟ್ಟು ದಿನ ಸಾಕು. ಒಣಗಿ ಪೊರೆ ಎದ್ದರೆ ಎರಡು ದಿನ ಬಿಡುವು ಕೊಟ್ಟು, ಮಾಯಿಶ್ಚರೈಸರ್ ಹಚ್ಚಿ, ಮತ್ತೆ ಶುರು ಮಾಡಿ. ಅಡಾಪಲೀನ್ ಶುರು ಮಾಡಿದ ಮೊದಲ ತಿಂಗಳು ಕೆಲವರಿಗೆ ಮೊಡವೆ ಸ್ವಲ್ಪ ಹೆಚ್ಚಿದಂತೆ ಕಾಣುತ್ತದೆ. ಹೆದರಿ ನಿಲ್ಲಿಸಬೇಡಿ.

ಮನೆಯವರ ಬೈಗುಳ ತಪ್ಪಿಸಲು ಒಂದು ಮಾತು. ಬೆನ್ಝಾಯಿಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತಿನ್ನುತ್ತದೆ. ಬಿಳಿ ದಿಂಬಿನ ಕವರ್, ಬಿಳಿ ಟವೆಲ್ ಬಳಸಿ. ಹೊಸ ಚೂಡಿದಾರದ ಕತ್ತಿನಲ್ಲಿ ಕಿತ್ತಳೆ ಬಣ್ಣದ ಮಚ್ಚೆ ಬಿದ್ದಿದೆ ಅಂತ ನನ್ನ ಜೊತೆ ಜಗಳಕ್ಕೆ ಬಂದ ತಾಯಂದಿರಿದ್ದಾರೆ.

ಮದುವೆ ಗೊತ್ತಾದರೆ ಅಥವಾ ಬಸುರಿಯಾಗುವ ಯೋಚನೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಅಡಾಪಲೀನ್ ಆಗ ಬೇಡ. ಅಜೆಲಾಯಿಕ್ ಆ್ಯಸಿಡ್ ಅಂತ ಇನ್ನೊಂದಿದೆ, ಅದನ್ನು ಬಸುರಿಯರೂ ಬಳಸಬಹುದು, ಕಲೆಯನ್ನೂ ತಿಳಿ ಮಾಡುತ್ತದೆ. ‘ಮದುವೆ ಆದ್ರೆ ಮೊಡವೆ ತಾನಾಗೇ ಹೋಗುತ್ತೆ’ ಅನ್ನುವ ಮಾತು ನೀವೂ ಕೇಳಿರುತ್ತೀರಿ. ಮದುವೆಯಾಗಿ ಎರಡು ಮಕ್ಕಳಾದ ಮೇಲೂ ಮೊಡವೆಗೆ ಅಂತ ಬರುವವರನ್ನು ನಾನು ವಾರ ವಾರ ನೋಡುತ್ತೇನೆ.

ತಲೆಗೆ ಹಚ್ಚುವ ಎಣ್ಣೆಯನ್ನೂ ಒಮ್ಮೆ ಯೋಚಿಸಿ. ನೀವು ಹಣೆ ತುಂಬ ಅಂತ ಬರೆದಿದ್ದೀರಿ. ರಾತ್ರಿ ಕೊಬ್ಬರಿ ಎಣ್ಣೆ ಮೆತ್ತಿ ಮಲಗಿದರೆ ಅದು ದಿಂಬಿಗೆ, ದಿಂಬಿನಿಂದ ಕೆನ್ನೆಗೆ, ಕೂದಲಿನಿಂದ ಹಣೆಗೆ ಇಳಿಯುತ್ತದೆ. ಎಣ್ಣೆ ಬಿಡಿ ಅನ್ನುವುದಿಲ್ಲ. ತಲೆಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚಿ, ತೊಳೆದುಬಿಡಿ. ಹಣೆಯ ಗುಳ್ಳೆಗಳೆಲ್ಲ ಒಂದೇ ಗಾತ್ರದಲ್ಲಿದ್ದು, ತುರಿಕೆ ಇದ್ದು, ತಲೆಯಲ್ಲಿ ಹೊಟ್ಟೂ ಇದ್ದರೆ ಅದು ಮೊಡವೆಯೇ ಅಲ್ಲದಿರಬಹುದು. ಮಲಸೀಜಿಯ ಅನ್ನುವ ಫಂಗಸ್ ಹಾಗೆ ಮಾಡುತ್ತದೆ. ಅದಕ್ಕೆ ಔಷಧಿ ಬೇರೆ. ಸ್ಟೀರಾಯ್ಡ್ ಹಚ್ಚಿದವರಲ್ಲಿ ಇದು ಇನ್ನೂ ಜಾಸ್ತಿ. ಹಾಗೆಯೇ ಸ್ಕೂಟಿಯಲ್ಲಿ ಹೋಗುವಾಗ ಮುಖಕ್ಕೆ ಬಿಗಿದು ಕಟ್ಟುವ ದುಪಟ್ಟ. ಧೂಳಿಗೆ ಒಳ್ಳೆಯದೇ, ಆದರೆ ವಾರಗಟ್ಟಲೆ ತೊಳೆಯದ ಅದೇ ದುಪಟ್ಟ ಬೆವರಲ್ಲಿ ಉಜ್ಜಿ ಉಜ್ಜಿ ಗಲ್ಲದಲ್ಲಿ ಮೊಡವೆ ಎಬ್ಬಿಸುತ್ತದೆ.

ಈಗ ಅಜ್ಜಿಯ ಆಕ್ಷೇಪಕ್ಕೆ. ಅಜ್ಜಿ ಸುಮ್ನೆ ಹೇಳಿಲ್ಲ, ಕಣ್ಣಾರೆ ಕಂಡದ್ದನ್ನೇ ಹೇಳಿದ್ದಾರೆ. ಕಾರಣ ಮಾತ್ರ ಬೇರೆ.

ಶ್ರೀನಿವಾಸಪುರದಲ್ಲಿ ಮಾವು ಬರುವುದು ಬೇಸಿಗೆಯಲ್ಲಿ. ಚರ್ಮ ಬಿಸಿಯಾದಷ್ಟೂ ಎಣ್ಣೆ ಜಾಸ್ತಿ ಹರಿಯುತ್ತದೆ, ಬೆವರಿಗೆ ರಂಧ್ರದ ಬಾಯಿ ಉಬ್ಬಿ ಕಟ್ಟಿಕೊಳ್ಳುತ್ತದೆ. ಮಾವು ತಿನ್ನದವರಿಗೂ ಆಗ ಮೊಡವೆ ಹೆಚ್ಚುತ್ತದೆ. ಇದು ಒಂದು. ಎರಡನೆಯದು ಸೊನೆ. ಕಾಯಿ ಕೀಳುವಾಗ ತೊಟ್ಟು ಮುರಿದರೆ ಚಿಮ್ಮುವ ಆ ಹಾಲಿನಂಥ ರಸ ಎಷ್ಟು ತೀಕ್ಷ್ಣ ಅಂತ ಕೀಳುವವರ ಮುಂಗೈ ನೋಡಿದರೆ ಗೊತ್ತಾಗುತ್ತದೆ. ತೊಟ್ಟಿನ ಹತ್ತಿರ ಕಚ್ಚಿ ಸಿಪ್ಪೆ ಸಮೇತ ಚೀಪುವವರಿಗೆ ಸೊನೆ ತುಟಿಗೆ, ಬಾಯಿಯ ಸುತ್ತ ತಾಗುತ್ತದೆ. ಒಂದೆರಡು ದಿನಕ್ಕೆ ಅಲ್ಲಿ ತುರಿಕೆ, ಕೆಂಪು, ನೀರ್ಗುಳ್ಳೆ. ಅದು ಅಲರ್ಜಿ, ಮೊಡವೆಯಲ್ಲ. ಆದರೆ ಮನೆಯಲ್ಲಿ ಎಲ್ಲರೂ ಅದನ್ನು ‘ಮಾವಿನ ಉಷ್ಣಕ್ಕೆ ಎದ್ದ ಮೊಡವೆ’ ಅಂತಲೇ ಕರೆಯುತ್ತಾರೆ. ಹಣ್ಣನ್ನು ನೀರಲ್ಲಿ ನೆನೆಸಿಟ್ಟು, ತೊಟ್ಟಿನ ಕಡೆ ಒಂದು ಬಿಲ್ಲೆ ಕತ್ತರಿಸಿ ಬಿಸಾಕಿ, ಸಿಪ್ಪೆ ತೆಗೆದು ಹೋಳು ಮಾಡಿ ತಿನ್ನಿ. ದಿನಕ್ಕೊಂದು, ಊಟದ ಜೊತೆ. ತೋಟದಲ್ಲಿ ಕೂತು ಆರು ಬಾದಾಮಿ ಮಾವು ಮುಗಿಸಿದರೆ ಅದು ಸಕ್ಕರೆಯ ಲೆಕ್ಕಕ್ಕೆ ಬರುತ್ತದೆ, ಉಷ್ಣದ ಲೆಕ್ಕಕ್ಕಲ್ಲ.

ಊಟಕ್ಕೂ ಮೊಡವೆಗೂ ಇರುವ ನಂಟಿನಲ್ಲಿ ನಾನು ಒಪ್ಪುವುದು ಈ ಸಕ್ಕರೆಯ ಮಾತನ್ನೇ. ರಕ್ತದಲ್ಲಿ ಸಕ್ಕರೆ ಧಡಕ್ಕನೆ ಏರಿದರೆ ಇನ್ಸುಲಿನ್ ಏರುತ್ತದೆ. ಅದರ ಹಿಂದೆ ಐಜಿಎಫ್-1 ಅನ್ನುವ ಇನ್ನೊಂದು ಹಾರ್ಮೋನು. ಎರಡೂ ಸೇರಿ ಎಣ್ಣೆ ಗ್ರಂಥಿಯನ್ನು ಕೆಣಕುತ್ತವೆ. ಪಪುವಾ ನ್ಯೂಗಿನಿಯ ಕಿಟಾವ ಅನ್ನುವ ದ್ವೀಪದಲ್ಲಿ 1200 ಜನರ ಮುಖ ನೋಡಿದ ವೈದ್ಯರಿಗೆ ಒಂದೂ ಮೊಡವೆ ಸಿಗಲಿಲ್ಲ ಅಂತ 2002ರಲ್ಲಿ ವರದಿಯಾಯಿತು. ಅವರ ಊಟ ಗೆಡ್ಡೆಗೆಣಸು, ಹಣ್ಣು, ಮೀನು, ತೆಂಗು. ಬ್ರೆಡ್ಡು, ಬಿಸ್ಕತ್ತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹುಟ್ಟಿನ ಗುಣವೂ ಇರಬಹುದಲ್ಲ ಅಂತ ಕೇಳಿದರೆ ಹೌದು, ಇರಬಹುದು. ಆಮೇಲೆ 2007ರಲ್ಲಿ ಆಸ್ಟ್ರೇಲಿಯಾದಲ್ಲಿ 15ರಿಂದ 25 ವರ್ಷದ 43 ಹುಡುಗರನ್ನು ಎರಡು ಗುಂಪು ಮಾಡಿ ಹನ್ನೆರಡು ವಾರ ನೋಡಿದರು. ಸಕ್ಕರೆ ನಿಧಾನ ಏರಿಸುವ ಊಟ ಮಾಡಿದವರ ಮೊಡವೆ ಹೆಚ್ಚು ಇಳಿಯಿತು. ಅವರ ತೂಕವೂ ಇಳಿದಿತ್ತು, ಹಾಗಾಗಿ ಪೂರಾ ಶ್ರೇಯಸ್ಸು ಊಟಕ್ಕೇ ಕೊಡುವ ಹಾಗಿಲ್ಲ. ಆದರೂ ಪ್ರಯತ್ನ ಮಾಡುವುದರಲ್ಲಿ ನಷ್ಟವೇನಿಲ್ಲ.

ನಿಮ್ಮ ದಿನವನ್ನೇ ತೆಗೆದುಕೊಳ್ಳಿ. ಮನೆಯಲ್ಲೊಂದು, ಕಾಲೇಜಿನ ಹತ್ತಿರ ಎರಡು, ಸಂಜೆ ಎರಡು ಅಂತ ಐದು ಟೀ ಕುಡಿದರೆ, ಒಂದಕ್ಕೆ ಎರಡು ಚಮಚದ ಹಾಗೆ ಹತ್ತು ಚಮಚ ಸಕ್ಕರೆ. ಹೆಚ್ಚೂಕಡಿಮೆ 40ರಿಂದ 50 ಗ್ರಾಂ. ಇದನ್ನು ಯಾರೂ ‘ತಿಂಡಿ’ ಅಂತ ಎಣಿಸುವುದೇ ಇಲ್ಲ. ಬಸ್ ಸ್ಟ್ಯಾಂಡಿನ ಬೇಕರಿಯ ಬನ್ನು, ದಿಲ್‌ಪಸಂದ್, ಕೂಲ್‌ಡ್ರಿಂಕ್ ಅದರ ಮೇಲೆ. ಮಾವಿಗಿಂತ ಮೊದಲು ಕೈ ಬಿಡಬೇಕಾದವು ಇವು. ಟೀ ಎರಡಕ್ಕಿಳಿಸಿ, ಸಕ್ಕರೆ ಅರ್ಧ ಮಾಡಿ. ನಾಲಿಗೆ ಒಗ್ಗಿಕೊಳ್ಳಲು ಹತ್ತು ದಿನ ಬೇಕು, ಅಷ್ಟೇ.

ಕಡಲೆಕಾಯಿಗೆ ಪಾಪ ಯಾಕೆ ಕೆಟ್ಟ ಹೆಸರು ಬಂತೋ. ಅದು ಸಕ್ಕರೆ ಏರಿಸುವುದೇ ಇಲ್ಲ ಅನ್ನಬಹುದು. ಬೇಯಿಸಿದ ಕಡಲೆಕಾಯಿ ಬಸ್ಸಿನಲ್ಲಿ ತಿನ್ನಲು ಬೇಕರಿ ತಿಂಡಿಗಿಂತ ಎಷ್ಟೋ ವಾಸಿ. ಕೋಳಿ, ಮೊಟ್ಟೆಯೂ ಹಾಗೆಯೇ, ಬಿಡುವ ಅಗತ್ಯವಿಲ್ಲ. ತಿಂದ ಎಣ್ಣೆ ಮುಖದಲ್ಲಿ ಬಂದು ಸುರಿಯುವುದಿಲ್ಲ. ಮುಖದ ಎಣ್ಣೆಯನ್ನು ಗ್ರಂಥಿ ತಾನೇ ತಯಾರಿಸುತ್ತದೆ.

ಮುದ್ದೆ ತಿಂದರೆ ಮೊಡವೆ ಬರುವುದಿಲ್ಲವಾ ಅಂತ ಕೇಳುವವರಿಗೆ ನಿಜ ಹೇಳಬೇಕು. ನುಣ್ಣಗೆ ಬೀಸಿದ ರಾಗಿ ಹಿಟ್ಟಿನ ಮುದ್ದೆ ಒಂದನ್ನೇ ತಿಂದರೆ ಅದೂ ಸಕ್ಕರೆ ಏರಿಸುತ್ತದೆ. ನಮ್ಮ ಹಿರಿಯರು ಅದನ್ನು ಒಂದನ್ನೇ ತಿನ್ನಲಿಲ್ಲ ಅನ್ನುವುದರಲ್ಲಿದೆ ಜಾಣತನ. ಜೊತೆಗೆ ಬಸ್ಸಾರು, ಮಸೊಪ್ಪು, ಅವರೆಕಾಲದಲ್ಲಿ ಹಿತಕಿದ ಬೇಳೆ ಸಾರು. ಸೊಪ್ಪು ಕಾಳು ಜೊತೆಗಿದ್ದರೆ ಏರುವ ವೇಗ ತಗ್ಗುತ್ತದೆ. ಮುದ್ದೆ ಸಣ್ಣದಾಗಲಿ, ಸಾರಿನಲ್ಲಿ ಕಾಳು ಗಟ್ಟಿಯಾಗಿರಲಿ.

ಹಾಲಿನ ವಿಷಯ ಸ್ವಲ್ಪ ನಾಜೂಕು. ದಿನಾ ಡೈರಿಗೆ ಹಾಲು ಹಾಕುವ ಮನೆಯವರಿಗೆ ಹಾಲು ಬಿಡಿ ಅಂದರೆ ನನ್ನನ್ನೇ ಬಿಡುತ್ತಾರೆ. ಹೆಚ್ಚು ಹಾಲು ಕುಡಿಯುವವರಲ್ಲಿ ಮೊಡವೆ ತುಸು ಹೆಚ್ಚು ಅಂತ ಹಲವು ಕಡೆ ಕಂಡಿದೆ, ಅದೂ ಕೆನೆ ತೆಗೆದ ಹಾಲಿನಲ್ಲಿ. ಹಾಲೇ ಕಾರಣ ಅಂತ ಗಟ್ಟಿಯಾಗಿ ಹೇಳುವಷ್ಟು ಪುರಾವೆ ಇಲ್ಲ. ಮೊಸರು, ಮಜ್ಜಿಗೆಗೆ ಆ ದೂರು ಇನ್ನೂ ಕಡಿಮೆ. ಎರಡು ಮೂರು ಲೋಟ ಕುಡಿಯುವ ಅಭ್ಯಾಸವಿದ್ದರೆ ಒಂದಕ್ಕಿಳಿಸಿ ಎರಡು ತಿಂಗಳು ನೋಡಿ. ವ್ಯತ್ಯಾಸ ಕಾಣದಿದ್ದರೆ ಮೊದಲಿನಂತೆ ಕುಡಿಯಿರಿ. ಆದರೆ ನಿಮ್ಮ ಮನೆಯಲ್ಲಿ ಜಿಮ್‌ಗೆ ಹೋಗುವ ಅಣ್ಣನೋ ತಮ್ಮನೋ ಇದ್ದು, ಹಾಲಿನಿಂದಲೇ ತೆಗೆದ ಡಬ್ಬದ ವೇ ಪ್ರೋಟೀನ್ ಪುಡಿ ಶುರು ಮಾಡಿದ ಮೇಲೆ ಬೆನ್ನು ತುಂಬ ಮೊಡವೆ ಎದ್ದಿದ್ದರೆ, ಮೊದಲು ಆ ಡಬ್ಬ ನಿಲ್ಲಿಸಿ ನೋಡಲಿ.

ರಕ್ತ ಶುದ್ಧಿ ಮಾಡುವ ಟಾನಿಕ್ಕಿಗೆ ದುಡ್ಡು ಹಾಕಬೇಡಿ. ನಿಮ್ಮ ರಕ್ತ ಕೆಟ್ಟಿಲ್ಲ.

ಹಿಸುಕಬೇಡಿ ಅಂತ ಹೇಳಿದರೆ ಯಾರೂ ಕೇಳುವುದಿಲ್ಲ, ಆದ್ದರಿಂದ ಹಿಸುಕಿದರೆ ಏನಾಗುತ್ತದೆ ಅಂತ ಮಾತ್ರ ಹೇಳುತ್ತೇನೆ. ಕೀವು ಅರ್ಧ ಹೊರಗೆ ಬಂದರೆ ಅರ್ಧ ಒಳಗೆ ಒಡೆಯುತ್ತದೆ. ಒಂದು ವಾರದಲ್ಲಿ ಆರುವುದು ಮೂರು ವಾರ ಹಿಡಿದು ಗುಳಿ ಬಿಟ್ಟು ಹೋಗುತ್ತದೆ. ಕಲೆ ಬೇರೆ, ಗುಳಿ ಬೇರೆ. ನಮ್ಮಂಥ ಗೋಧಿ, ಕಪ್ಪು ಬಣ್ಣದ ಚರ್ಮದಲ್ಲಿ ಮೊಡವೆ ಹೋದ ಜಾಗ ಕಪ್ಪಾಗುವುದು ಸಹಜ. ಹೊಸ ಮೊಡವೆ ನಿಂತು, ಬಿಸಿಲಿನಿಂದ ಕಾಪಾಡಿಕೊಂಡರೆ ಅದು ಕೆಲವು ತಿಂಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಗುಳಿ ಯಾವ ಕ್ರೀಮಿಗೂ ತುಂಬುವುದಿಲ್ಲ. ಕಲೆಗೆ ಅಂತ ಮತ್ತೆ ‘ಬೆಳ್ಳಗಾಗುವ’ ಟ್ಯೂಬ್ ಕೊಂಡರೆ ಶುರು ಮಾಡಿದಲ್ಲಿಗೇ ಬಂದು ನಿಂತಂತೆ.

ಮುಟ್ಟಿನ ಬಗ್ಗೆ ನೀವು ಏನೂ ಬರೆದಿಲ್ಲ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದ್ದರೆ, ಗಲ್ಲ, ದವಡೆಯ ಅಂಚಿನಲ್ಲಿ ಮೊಡವೆ ಜಾಸ್ತಿ ಇದ್ದರೆ, ಗಡ್ಡದ ಜಾಗದಲ್ಲಿ ದಪ್ಪ ಕೂದಲು ಬರುತ್ತಿದ್ದರೆ ಪಿಸಿಓಎಸ್, ಅಂದರೆ ಹಾರ್ಮೋನು ಏರುಪೇರಾಗುವ ಅಂಡಾಶಯದ ತೊಂದರೆ, ಇದೆಯಾ ಅಂತ ನೋಡಬೇಕು. ಆಗ ಬರೀ ಮೇಲೆ ಹಚ್ಚಿದರೆ ಸಾಲುವುದಿಲ್ಲ. ನಾಚಿಕೊಂಡು ಇದನ್ನು ಮುಚ್ಚಿಟ್ಟು, ಟ್ಯೂಬ್ ಮೇಲೆ ಟ್ಯೂಬ್ ಬದಲಾಯಿಸಿ ವರ್ಷ ಕಳೆದವರಿದ್ದಾರೆ. ಚರ್ಮದ ಕೆಳಗೆ ಗೋಲಿಯಂಥ ನೋವಿನ ಗಂಟು ಏಳುತ್ತಿದ್ದರೂ ಕಾಯಬೇಡಿ, ಅವು ಗುಳಿ ಬಿಡುವ ಜಾತಿಯವು. ಅದಕ್ಕೆ ಡಾಕ್ಟರು ಡಾಕ್ಸಿಸೈಕ್ಲಿನ್ ಮಾತ್ರೆ ಬರೆದರೆ ದೊಡ್ಡ ಲೋಟ ನೀರಲ್ಲಿ ನುಂಗಿ, ನುಂಗಿದ ಕೂಡಲೇ ಮಲಗಬೇಡಿ, ಅನ್ನನಾಳ ಸುಡುತ್ತದೆ. ಮೂರು ತಿಂಗಳಿನ ಮೇಲೆ ಅದನ್ನು ನೀವೇ ಮುಂದುವರಿಸಬೇಡಿ. ಐಸೊಟ್ರೆಟಿನಾಯಿನ್ ಅಂತ ಇನ್ನೊಂದು ಮಾತ್ರೆ ಇದೆ. ಹಟಮಾರಿ ಮೊಡವೆಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ನುಂಗುವಾಗ ಬಸುರಿಯಾದರೆ ಮಗುವಿಗೆ ಭಾರೀ ಅಂಗವೈಕಲ್ಯ ಬರಬಹುದು. ಗೆಳತಿಯ ಚೀಟಿ ತೋರಿಸಿ ತರುವ ಮಾತ್ರೆ ಖಂಡಿತ ಅಲ್ಲ.

ಡಾಕ್ಟರ ಹತ್ತಿರ ಹೋಗುವ ದಿನ ಮುಖಕ್ಕೆ ಪೌಡರ್ ಬೇಡ. ಕಿಟಕಿ ಬೆಳಕಲ್ಲಿ ಇವತ್ತೇ ಮೂರು ಫೋಟೊ ತೆಗೆದಿಟ್ಟುಕೊಳ್ಳಿ, ಎದುರಿನದು ಒಂದು, ಎರಡೂ ಕೆನ್ನೆಯದು ಒಂದೊಂದು. ಮೂರನೇ ತಿಂಗಳಲ್ಲಿ ಅದೇ ಕಿಟಕಿ, ಅದೇ ಹೊತ್ತಿಗೆ ಇನ್ನೊಮ್ಮೆ. ದಿನಾ ನೋಡುವ ಕನ್ನಡಿಗೆ ಆಗಿರುವ ಬದಲಾವಣೆ ಕಾಣುವುದಿಲ್ಲ. ಕೊನೆಯ ಮೂರು ಮುಟ್ಟಿನ ತಾರೀಕು ಚೀಟಿಯಲ್ಲಿ ಬರೆದುಕೊಳ್ಳಿ. ಆ ಟ್ಯೂಬನ್ನೂ ತೆಗೆದುಕೊಂಡು ಹೋಗಿ, ಖಾಲಿಯಾಗಿದ್ದರೂ ಸರಿ.